ಸೊಸೆ, ಪತ್ನಿ, ಅಭ್ಯರ್ಥಿ

ಒಂದು ಮಾತು ಪೂರ್ತಿ ನಿಜವಾಗಿದ್ದೂ ಅನ್ಯಾಯದ ಮಾತಾಗಿರಲು ಸಾಧ್ಯವೇ? ತರ್ಕಶಾಸ್ತ್ರದ ತರಗತಿಯಲ್ಲಿ ಕೇಳಬೇಕಾದ ಈ ಪ್ರಶ್ನೆ ನನಗೆ ಎದುರಾದದ್ದು ಚುನಾವಣೆಯ ಸುದ್ದಿ ಓದುವಾಗ. 2024ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ದೊಡ್ಡ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದ್ದವು. ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯಿತ್ರಿ ಸಿದ್ದೇಶ್ವರ. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿ ಸೀಮೆಯ ಹೊಳೆದಂಡೆ, ಜಗಳೂರಿನ ಬಾಯಾರಿದ ಬಯಲು ಎಲ್ಲವೂ ಸೇರಿದ ಈ ಕ್ಷೇತ್ರ 1977ರಿಂದ ದೆಹಲಿಗೆ ಬರೀ ಗಂಡಸರನ್ನೇ ಕಳಿಸಿತ್ತು. ಈ ಸಲ ಇಬ್ಬರಲ್ಲಿ ಯಾರು ಗೆದ್ದರೂ ಅದು ಮೊದಲ ಸಲವೇ.

ಸುದ್ದಿಯಲ್ಲಿ ಅವರ ಪರಿಚಯ ಹೀಗಿತ್ತು: ಒಬ್ಬರು ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪನವರ ಸೊಸೆ, ಸಚಿವ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಪತ್ನಿ. ಇನ್ನೊಬ್ಬರು ನಾಲ್ಕು ಬಾರಿಯ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ. ಇದರಲ್ಲಿ ಸುಳ್ಳು ಎಲ್ಲಿದೆ? ಎಲ್ಲೂ ಇಲ್ಲ. ಇಬ್ಬರ ಹೆಸರಿನ ಕೊನೆಯಲ್ಲೇ ಗಂಡಂದಿರ ಹೆಸರಿದೆ. ಟಿಕೆಟ್ ಸಿಕ್ಕಿದ್ದು ಆ ಮನೆಗಳಿಂದಲೇ ಎಂಬುದು ಮತದಾರರಿಗೆ ಗೊತ್ತು, ಅವರಿಗೂ ಗೊತ್ತು. ಹಾಗಿದ್ದ ಮೇಲೆ ವರದಿಗಾರ ಸೊಸೆ ಎಂದು ಬರೆದರೆ ಅದರಲ್ಲಿ ತಪ್ಪು ಹುಡುಕುವುದು ಸುಮ್ಮನೆ ಕೆಣಕುವುದಲ್ಲವೇ ಎಂದು ನೀವು ಕೇಳಬಹುದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1996ರಲ್ಲಿ ಈ ಕ್ಷೇತ್ರದಿಂದ ಗೆದ್ದವರು ಜಿ. ಮಲ್ಲಿಕಾರ್ಜುನಪ್ಪ. 1998ರಲ್ಲಿ ಶಾಮನೂರು ಶಿವಶಂಕರಪ್ಪ. 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ 2019ರವರೆಗೆ ನಾಲ್ಕು ಸಲ ಗೆದ್ದದ್ದು ಅವರ ಮಗ ಸಿದ್ದೇಶ್ವರ. ಅದರಲ್ಲಿ ಮೊದಲ ಮೂರು ಸಲ ಎದುರಿಗೆ ನಿಂತು ಸೋತವರು ಶಿವಶಂಕರಪ್ಪನವರ ಮಗ ಮಲ್ಲಿಕಾರ್ಜುನ್. ಅಂದರೆ ಕಾಲು ಶತಮಾನ ಮೀರಿ ಈ ಕುರ್ಚಿ ಎರಡು ಮನೆಗಳ ಅಂಗಳ ದಾಟಿಲ್ಲ. ಮಗ ಎಂಬ ಪದವನ್ನು ಪತ್ರಿಕೆಗಳು ಆಗ ಬರೆಯಲಿಲ್ಲವೆಂದಲ್ಲ, ಬರೆದಿವೆ. ಆದರೆ ಆ ಪದ ಮಾಡುವ ಕೆಲಸ ಬೇರೆ. ಮಗ ಎಂದಾಗ ನಾವು ವಾರಸುದಾರ ಎಂದು ಓದಿಕೊಳ್ಳುತ್ತೇವೆ: ಅಪ್ಪನ ಹೆಗಲಿನ ಮೇಲೆ ನಿಂತವನು, ನಾಳೆ ತನ್ನ ಕಾಲ ಮೇಲೆ ನಿಲ್ಲುವವನು. ಪತ್ನಿ ಎಂದಾಗ ಬದಲಿ ಎಂದು ಓದಿಕೊಳ್ಳುತ್ತೇವೆ: ಗಂಡನಿಗೆ ಟಿಕೆಟ್ ತಪ್ಪಿದ್ದಕ್ಕೆ ನಿಂತವಳು, ಗೆದ್ದರೂ ಆಡಳಿತ ನಡೆಸುವವರು ಬೇರೆಯವರು. ಎರಡೂ ಸಂಬಂಧವಾಚಕಗಳೇ. ಒಂದು ಅರ್ಹತೆಯ ಪಟ್ಟಿಗೆ ಸೇರಿತು, ಇನ್ನೊಂದು ಅನರ್ಹತೆಯ ಪಟ್ಟಿಗೆ. ಮಗನಿಗೆ ಕಾಲ ಕಳೆದಂತೆ ಆ ಗುರುತು ಸವೆಯುತ್ತದೆ. ನಾಲ್ಕನೆಯ ಸಲಕ್ಕೆ ಸಿದ್ದೇಶ್ವರ ಬರೀ ಸಿದ್ದೇಶ್ವರ. ಸೊಸೆಗೆ ಆ ಸವೆತದ ಅನುಕೂಲ ಸಿಗುತ್ತದೆಯೇ, ಕಾದು ನೋಡಬೇಕು.

ಹಾಗಾಗಿ ನನ್ನ ತಕರಾರು ಪದದ ಮೇಲಲ್ಲ, ಪದದ ಹಂಚಿಕೆಯ ಮೇಲೆ. ತಕ್ಕಡಿಯ ಕಲ್ಲು ಸರಿಯಾಗಿಯೇ ಇರಬಹುದು. ಅದನ್ನು ಒಬ್ಬ ಗಿರಾಕಿಗೆ ಮಾತ್ರ ಬಳಸಿ ಇನ್ನೊಬ್ಬನಿಗೆ ಕಣ್ಣಂದಾಜಿನಲ್ಲಿ ಸುರಿದರೆ ಅಂಗಡಿಯವನನ್ನು ಪ್ರಾಮಾಣಿಕ ಎನ್ನಲಾಗದು.

ಆ ಚುನಾವಣೆಯಲ್ಲಿ ದೇಶಕ್ಕೆಲ್ಲ ಗೊತ್ತಾದದ್ದು ಇನ್ನೊಂದು ಮಾತು. 2024ರ ಮಾರ್ಚ್ ಕೊನೆಯಲ್ಲಿ, ಆಗಲೇ ತೊಂಬತ್ತು ದಾಟಿದ್ದ ಶಿವಶಂಕರಪ್ಪನವರು ಎದುರಾಳಿ ಅಭ್ಯರ್ಥಿಯನ್ನು ಕುರಿತು, ಅವರಿಗೆ ಅಡುಗೆಮನೆಯ ಕೆಲಸ ಮಾತ್ರ ಗೊತ್ತು, ಜನರ ಮುಂದೆ ಮಾತಾಡಲು ಬಾರದು, ಮೊದಲು ದಾವಣಗೆರೆಯ ಸಮಸ್ಯೆ ತಿಳಿದುಕೊಳ್ಳಲಿ ಎಂಬರ್ಥದಲ್ಲಿ ಮಾತಾಡಿದರು. ಅವರು ಹಾಗೆಂದದ್ದು ಇನ್ನೊಬ್ಬ ಹೆಣ್ಣಿಗಾಗಿ, ತಮ್ಮ ಸೊಸೆಗಾಗಿ, ಮತ ಕೇಳುವ ಹೊತ್ತಿನಲ್ಲಿ. ಗಾಯಿತ್ರಿಯವರು, ಹೆಣ್ಣುಮಕ್ಕಳು ಆಕಾಶದಲ್ಲಿ ಹಾರುತ್ತಿರುವ ಕಾಲವಿದು, ಮನೆಯಲ್ಲಿ ಪ್ರೀತಿಯಿಂದ ಅಡುಗೆ ಮಾಡುವುದೂ ಸಣ್ಣದಲ್ಲ ಎಂಬ ಧಾಟಿಯಲ್ಲಿ ಉತ್ತರಿಸಿದರು. ಬಿಜೆಪಿ ಚುನಾವಣಾ ಆಯೋಗಕ್ಕೆ ದೂರಿತು. ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಕೂಡ ಖಂಡಿಸಿದರು.

ಈ ಮಾತನ್ನು ಪತ್ರಿಕೆ ವರದಿ ಮಾಡಬಾರದಿತ್ತೇ? ಖಂಡಿತ ಮಾಡಬೇಕಿತ್ತು. ಶಾಸಕರೊಬ್ಬರು ಬಹಿರಂಗವಾಗಿ ಆಡಿದ ಮಾತನ್ನು ಮುಚ್ಚಿಡುವುದು ಅವರಿಗೆ ಮಾಡುವ ಉಪಕಾರ. ಆದರೆ ಆ ಮಾತಿನಲ್ಲಿ ಎರಡು ಎಳೆಗಳಿದ್ದವು. ಒಂದು ಅಡುಗೆಮನೆ. ಇನ್ನೊಂದು, ಅಭ್ಯರ್ಥಿಗೆ ಕ್ಷೇತ್ರದ ಸಮಸ್ಯೆ ಗೊತ್ತೇ ಎಂಬುದು. ಎರಡನೆಯದು ನ್ಯಾಯವಾದ ಪ್ರಶ್ನೆ, ಯಾವ ಅಭ್ಯರ್ಥಿಗೂ ಕೇಳಲೇಬೇಕಾದದ್ದು. ಸುದ್ದಿಯಾದದ್ದು ಮೊದಲನೆಯದು. ಅವಮಾನಕ್ಕೊಳಗಾದವರು ಅಡುಗೆಮನೆಯ ಪರವಾಗಿಯೋ ವಿರುದ್ಧವಾಗಿಯೋ ಮಾತಾಡಬೇಕಾಯಿತು. ಹೆಣ್ಣಿಗೆ ರಾಜಕೀಯ ಬರುತ್ತದೆಯೇ ಎಂಬುದು ಚರ್ಚೆಯ ವಿಷಯವಾಯಿತು. ಬರುತ್ತದೆ ಎಂದು ಗಟ್ಟಿಯಾಗಿ ವಾದಿಸಿದರೂ ಅದೊಂದು ಚರ್ಚಿಸಬೇಕಾದ ಸಂಗತಿ ಎಂದು ಒಪ್ಪಿದಂತೆಯೇ ಆಯಿತಲ್ಲ! ಕೆಣಕುನುಡಿಯ ಗೆಲುವು ಇರುವುದು ಅಲ್ಲಿ. ಜನ ಅದನ್ನು ನಂಬಬೇಕೆಂದೇನಿಲ್ಲ, ಅದರ ಸುತ್ತ ಮಾತಾಡಿದರೆ ಸಾಕು.

ಅಷ್ಟು ಹೊತ್ತಿಗೆ ಕೇಳಬಹುದಾಗಿದ್ದ ಪ್ರಶ್ನೆಗಳು ಕಡಿಮೆಯಿರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಎಲ್ಲಿ ನಿಂತಿದೆ? ಜಗಳೂರಿಗೆ ಬರಬೇಕಾದ ಕಾಲುವೆಯಲ್ಲಿ ನೀರು ಹರಿಯುವುದು ಯಾವಾಗ? ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಬಗ್ಗೆ ಇಬ್ಬರ ನಿಲುವೇನು? ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಆಮದು ಅಡಿಕೆಯ ವಿಚಾರದಲ್ಲಿ ಇವರು ಸಂಸತ್ತಿನಲ್ಲಿ ಏನು ಹೇಳುತ್ತಾರೆ? ದಂತವೈದ್ಯೆಯಾದ ಪ್ರಭಾ ಅವರಿಗೆ ನ್ಯಾಮತಿಯಂಥ ಹೊಸ ತಾಲ್ಲೂಕಿನ ಆಸ್ಪತ್ರೆಯ ಬಗ್ಗೆ ಹೇಳಲು ಏನಾದರೂ ಇದ್ದಿರಬೇಕು. ಯಾರೂ ಏನೂ ಕೇಳಲಿಲ್ಲ ಎನ್ನುತ್ತಿಲ್ಲ. ಒಂದು ಓಟು ಹಾಕುವವಳಾಗಿ ನನ್ನ ನೆನಪಿನಲ್ಲಿ ಉಳಿದದ್ದು ಯಾವುದು ಎಂದು ನೋಡಿಕೊಂಡರೆ, ಒಲೆ ಉಳಿದಿದೆ, ಕಾಲುವೆ ಉಳಿದಿಲ್ಲ.

ಗಂಡಸರ ಬಗ್ಗೆಯೂ ಹಗುರ ಸುದ್ದಿಗಳು ಬರುತ್ತವೆ, ಅದು ನಿಜ. ಹೊನ್ನಾಳಿಯ ಎಂ.ಪಿ. ರೇಣುಕಾಚಾರ್ಯ 2021ರಲ್ಲಿ ಕೋವಿಡ್ ಆರೈಕೆ ಕೇಂದ್ರದಲ್ಲಿ ರೋಗಿಗಳ ಜೊತೆ ಕುಣಿದದ್ದನ್ನು ರಾಜ್ಯವೆಲ್ಲ ನೋಡಿತು. ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಆದರೆ ಕುಣಿತ ನೋಡಿದ ಯಾರೂ ಗಂಡಸರಿಗೆ ಶಾಸಕತನ ಒಗ್ಗುತ್ತದೆಯೇ ಎಂದು ಕೇಳಲಿಲ್ಲ. ಜಗಳೂರಿನ ಬಿ. ದೇವೇಂದ್ರಪ್ಪ ಇದಕ್ಕಿಂತ ಒಳ್ಳೆಯ ಉದಾಹರಣೆ. ಶಾಲೆಯೊಂದರಲ್ಲಿ ಜವಾನರಾಗಿದ್ದವರು 2023ರಲ್ಲಿ ಶಾಸಕರಾದರು, ಗೆದ್ದ ಮೇಲೆ ಅದೇ ಶಾಲೆಗೆ ಹೋಗಿ ಕಸ ಗುಡಿಸಿದರು. ಓದಿ ನನಗೂ ಸಂತೋಷವಾಯಿತು. ಪೊರಕೆ ಹಿಡಿದ ಗಂಡಸಿನಲ್ಲಿ ನಾವು ವಿನಯ ಕಾಣುತ್ತೇವೆ, ಏರಿದ ಎತ್ತರ ಕಾಣುತ್ತೇವೆ. ಸೌಟು ಹಿಡಿದ ಹೆಂಗಸಿನಲ್ಲಿ ಮಿತಿ ಕಾಣುತ್ತೇವೆ. ಎರಡೂ ಮನೆವಾರ್ತೆಯ ಕೆಲಸವೇ.

ಇದು ಒಂದು ಕ್ಷೇತ್ರದ ಕಥೆಯೂ ಅಲ್ಲ. 2019ರಲ್ಲಿ ಸುಮಲತಾ ಅಂಬರೀಷ್ ಮಂಡ್ಯದಲ್ಲಿ ನಿಲ್ಲಲು ಹೊರಟಾಗ, ಗಂಡ ಸತ್ತು ಎಷ್ಟು ದಿನವಾಯಿತು, ಇಷ್ಟು ಬೇಗ ರಾಜಕೀಯವೇ ಎಂಬ ಮಾತು ಸಚಿವ ಎಚ್.ಡಿ. ರೇವಣ್ಣ ಅವರಿಂದ ಬಂತು. ಸೂತಕದ ಲೆಕ್ಕವೇ ಸುದ್ದಿಯಾಯಿತು. ಅಪ್ಪ ಸತ್ತ ವಾರಕ್ಕೇ ಮಗನ ಹೆಸರು ಟಿಕೆಟ್ಟಿಗೆ ಓಡಾಡುವುದನ್ನು ನಾವು ಎಷ್ಟು ನೋಡಿಲ್ಲ! ಅಲ್ಲಿ ಅದಕ್ಕೆ ಅನುಕಂಪದ ಅಲೆ ಎಂಬ ಗೌರವದ ಹೆಸರಿದೆ. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು.

ಚನ್ನಗಿರಿಯ ಹತ್ತಿರದ ಸೂಳೆಕೆರೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಷ್ಟು ದೊಡ್ಡ ಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎಂದು ಜನರ ಕಥೆ. ಅಪ್ಪ ಅವಳ ನಡತೆ ಶಂಕಿಸಿ ಸೂಳೆ ಎಂದು ಬೈದನಂತೆ, ಆ ಕಳಂಕ ತೊಳೆಯಲು ಅವಳು ಕೆರೆ ಕಟ್ಟಿಸಿದಳಂತೆ. ಹೇಳುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ. ನೀರು ಕುಡಿದವರು ಬೈಗುಳವನ್ನೇ ಹೆಸರಾಗಿ ಉಳಿಸಿಕೊಂಡರು. ಈಗ ಶಾಂತಿಸಾಗರ ಎಂದು ಬೋರ್ಡಿನಲ್ಲಿದೆ, ಬಸ್ಸಿನಲ್ಲಿ ಕೇಳಿಸುವುದು ಹಳೆಯ ಹೆಸರೇ. ಸುದ್ದಿ ಎನ್ನುವುದು ಪತ್ರಿಕೆಗಿಂತ ಬಹಳ ಹಳೆಯದು. ಕೆಲಸಕ್ಕಿಂತ ಬೈಗುಳ ಹೆಚ್ಚು ಬಾಳುವುದೂ ಹಳೆಯದೇ.

ನನ್ನ ವಾದಕ್ಕೆ ಎದುರಾಗುವ ಪುರಾವೆಯೂ ಇದೆ. ಅಮೆರಿಕದ ಡ್ಯಾನಿ ಹೇಯ್ಸ್ ಮತ್ತು ಜೆನಿಫರ್ ಲಾಲೆಸ್ ಎಂಬ ವಿದ್ವಾಂಸರು 2010 ಮತ್ತು 2014ರ ಅಲ್ಲಿನ ಕಾಂಗ್ರೆಸ್ ಚುನಾವಣೆಗಳ ಸ್ಥಳೀಯ ಪತ್ರಿಕಾ ವರದಿಗಳನ್ನು ಪರಿಶೀಲಿಸಿ, ಗಂಡು ಹೆಣ್ಣು ಅಭ್ಯರ್ಥಿಗಳ ವರದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಅಲ್ಲಿ ಪಕ್ಷದ ಗುರುತೇ ಎಲ್ಲವನ್ನೂ ಮೀರುತ್ತದೆ ಎಂಬುದು ಅವರ ವಿವರಣೆ. ನಾನು ಇದನ್ನು ತಳ್ಳಿಹಾಕುವುದಿಲ್ಲ. ಹೆಣ್ಣು ಅಭ್ಯರ್ಥಿ ಅಪರೂಪವಲ್ಲದ ಕಡೆ ಅವಳು ಹೆಣ್ಣೆನ್ನುವುದು ಸುದ್ದಿಯಾಗುವುದಿಲ್ಲ ಎಂದು ಇದನ್ನು ಓದಬಹುದು. ಹಾಗೆ ಓದಲು ನಮ್ಮ ದೇಶದ್ದೇ ಆಧಾರವಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಒಂದೇ ಭಾಷಣವನ್ನು ಒಮ್ಮೆ ಗಂಡುದನಿಯಲ್ಲಿ, ಒಮ್ಮೆ ಹೆಣ್ಣುದನಿಯಲ್ಲಿ ಕೇಳಿಸಿದರು. ಮಹಿಳಾ ಪ್ರಧಾನರನ್ನು ಕಾಣದ ಊರುಗಳ ಗಂಡಸರು ಹೆಣ್ಣುದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳಾ ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ಅಂತರ ಬಹುಮಟ್ಟಿಗೆ ಅಳಿದಿತ್ತು. ಕರ್ನಾಟಕ 1983ರ ಕಾನೂನಿನಲ್ಲೇ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲು ಭಾಗ ಕೊಟ್ಟ ರಾಜ್ಯ. ಹೊನ್ನಾಳಿ ಸೀಮೆಯ ಯಾವುದೇ ಹಳ್ಳಿಯಲ್ಲಿ ಹೆಣ್ಣು ಅಧ್ಯಕ್ಷರು ಈಗ ಸುದ್ದಿಯಲ್ಲ. ವಿಧಾನಸಭೆ, ಲೋಕಸಭೆಯ ಮೆಟ್ಟಿಲಲ್ಲಿ ಮಾತ್ರ ಅವರಿನ್ನೂ ವಿಶೇಷ. 2023ರ ವಿಧಾನಸಭೆಗೆ ಗೆದ್ದ ಮಹಿಳೆಯರು 224ರಲ್ಲಿ 10.

ಇಲ್ಲಿ ನನ್ನನ್ನು ನಿಜವಾಗಿ ಕಾಡುವ ತೊಡಕೊಂದಿದೆ. 2024ರಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ರಾಜ್ಯದ 28 ಕ್ಷೇತ್ರಗಳಲ್ಲಿ ಒಟ್ಟು ಎಂಟು ಮಹಿಳೆಯರನ್ನು ನಿಲ್ಲಿಸಿದವು, ಆರು ಕಾಂಗ್ರೆಸ್ಸಿನವರು, ಇಬ್ಬರು ಬಿಜೆಪಿಯವರು. ಆ ಎಂಟರಲ್ಲಿ ಆರು ಮಂದಿ ರಾಜಕಾರಣಿಗಳ ಮಗಳೋ ಪತ್ನಿಯೋ ಸೊಸೆಯೋ ಆಗಿದ್ದವರು. ಪತ್ರಿಕೆಗಳು ಸೊಸೆ ಎಂಬ ಪದವನ್ನು ಮರ್ಯಾದೆಗಾಗಿ ಬಿಟ್ಟರೆ ಈ ಸತ್ಯವೂ ಮುಚ್ಚಿಹೋಗುತ್ತದೆ. ಮನೆತನವಿಲ್ಲದ ಹೆಣ್ಣಿಗೆ ಬಾಗಿಲೇ ಇಲ್ಲ ಎಂಬುದು ಮತದಾರರಿಗೆ ಗೊತ್ತಾಗಬೇಡವೇ? ಹೆಣ್ಣಿನ ಘನತೆ ಕಾಯುವ ಹೆಸರಿನಲ್ಲಿ ಮನೆತನದ ಆಸ್ತಿಯನ್ನು ಕಾಯುವ ಪತ್ರಕರ್ತ ನನಗೆ ಬೇಕಿಲ್ಲ. ಹಾಗಾಗಿ ಸೊಸೆ ಎಂದು ಬರೆಯಲಿ, ಆದರೆ ಸಿದ್ದೇಶ್ವರ ಎಂಬ ಹೆಸರು ಬಂದಾಗಲೆಲ್ಲ ಮಲ್ಲಿಕಾರ್ಜುನಪ್ಪನವರ ಮಗ ಎಂದೂ ಬರೆಯಲಿ, ನಾಲ್ಕನೆಯ ಗೆಲುವಿನಲ್ಲೂ ಬರೆಯಲಿ. ಓದುಗರಿಗೆ ಬೇಸರವಾಗುತ್ತದೆ ಎಂದು ಸಂಪಾದಕರು ಹೇಳಬಹುದು. ಆಗಲಿ.

ಇದೇ ಲೋಕಸಭಾ ಕ್ಷೇತ್ರದೊಳಗಿನ ಹರಪನಹಳ್ಳಿಯಲ್ಲಿ 2023ರಲ್ಲಿ ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿ ಗೆದ್ದರು. ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಎರಡೂ ವಾಕ್ಯ ನಿಜ. ಯಾವುದನ್ನು ಮೊದಲು ಬರೆಯಬೇಕು? ನನ್ನ ತರಗತಿಯ ಹುಡುಗ ಹುಡುಗಿಯರನ್ನು ಕೇಳಿದ್ದೆ. ಅಪ್ಪನ ಹೆಸರು ಮೊದಲು ಬಂದರೆ ಓದುಗರಿಗೆ ಬೇಗ ಅರ್ಥವಾಗುತ್ತದೆ ಎಂದ ಒಬ್ಬ. ಪಕ್ಷಗಳ ಬಲವಿಲ್ಲದೆ ಗೆದ್ದದ್ದು ಅಪ್ಪನ ಹೆಸರಿಗಿಂತ ದೊಡ್ಡ ಸುದ್ದಿ ಎಂದಳು ಒಬ್ಬಳು. ಅಪ್ಪನ ಹೆಸರಿಲ್ಲದೆ ಗೆಲ್ಲುತ್ತಿದ್ದರೇ ಎಂದು ಅವನು ತಿರುಗಿ ಕೇಳಿದ. ಹಾಗಾದರೆ ಅದೇ ಪ್ರಶ್ನೆಯನ್ನು ಗೆದ್ದ ಎಷ್ಟು ಗಂಡುಮಕ್ಕಳಿಗೆ ಕೇಳಿದ್ದೀಯ ಎಂದಳು ಅವಳು. ಬೆಲ್ಲು ಹೊಡೆದರೂ ಅವರಿಬ್ಬರೂ ಏಳಲಿಲ್ಲ.

ಪ್ರಭಾ ಮಲ್ಲಿಕಾರ್ಜುನ್ ಗೆದ್ದದ್ದು 26,094 ಮತಗಳಿಂದ. ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂಬ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲೇ ಅಂಗೀಕಾರವಾಗಿದೆ. ಅದು ನಮ್ಮ ಕ್ಷೇತ್ರಗಳಿಗೆ ಇಳಿದು ಬರುವ ಹೊತ್ತಿಗೆ ಜಗಳೂರಿನ ವರದಿಗಾರರ ಕೈಯಲ್ಲಿ ಎಷ್ಟು ಕೆರೆಗಳು ತುಂಬಿವೆ ಎಂಬ ಪಟ್ಟಿ ಇರಲಿ ಎಂದು ಆಸೆಪಡುತ್ತೇನೆ.