ರೋಗ ಕಸಿದುದನ್ನು ತುಂಬಿಕೊಳ್ಳುವುದು ತಪ್ಪೇ?

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಮರಳುವ ಸಹೋದರಿಯರನ್ನು ಗಾಯದ ಜೊತೆಗೆ ಒಂದು ಪ್ರಶ್ನೆಯೂ ಕಾಡುತ್ತದೆ: ಕೃತಕ ಸ್ತನ ಧರಿಸಿದರೆ ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗುವುದೇ?

ಸಹಾಬಿ ಅರ್ಫಜ(ರ) ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿತು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಹೇಳಿದರೆಂದು ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ. ಆದ್ದರಿಂದ ರೋಗ ಕಸಿದುದನ್ನು ತುಂಬಿಕೊಳ್ಳುವುದು ಆಡಂಬರವಲ್ಲ. ತುಂಬಿಕೊಳ್ಳದಿದ್ದರೂ ಆಕೆಯ ಗೌರವಕ್ಕೆ ಕುಂದಿಲ್ಲ.

ಸಹೋದರೀ, ತೋಳು ಬಿಗಿದಿದ್ದರೆ ತಕ್ಬೀರಿಗೆ ಏಳುವಷ್ಟೇ ಎತ್ತಿರಿ. ವೈದ್ಯರು ಹೇಳಿದ ವ್ಯಾಯಾಮ ಬಿಡದಿರಿ.

ಆಕೆಯ ಗಾಯ ನೋಡಲು ಹಿಂಜರಿಯುವ ಪತಿಗೂ ಒಂದು ಮಾತು. ದಂಪತಿಗಳು ಪರಸ್ಪರರಿಗೆ ಉಡುಪು ಎಂಬುದು ಕುರ್‌ಆನಿನ ಬೋಧನೆ. ಚಳಿ ಹೆಚ್ಚಿದಾಗಲೇ ಉಡುಪು ಕಳಚಿಬಿದ್ದರೆ ಅದು ಉಡುಪೇ?