ಬಿದ್ದವರ ಲೆಕ್ಕ

ಪುಣೆಯಲ್ಲಿ ‘ನರ್ಸಿಂಗ್ ಹೋಮ್’ ಅಂದರೆ ಹೆರಿಗೆಗೋ ಹರ್ನಿಯಾ ಆಪರೇಷನ್ನಿಗೋ ಹೋಗುವ ಹತ್ತು ಹದಿನೈದು ಹಾಸಿಗೆಯ ಸಣ್ಣ ಆಸ್ಪತ್ರೆ. ಅದಕ್ಕೆ 1949ರ ಕಾನೂನು ಇದೆ, ನೋಂದಣಿ ಇದೆ. ಎರಡು ವರ್ಷದ ಹಿಂದೆ ನಾನು ಅವ್ವನಿಗಾಗಿ ಹುಡುಕುತ್ತಿದ್ದದ್ದು ಬೇರೆಯದೇ ಜಾಗ. ಡಿಮೆನ್ಷಿಯಾ ಆದ, ನಡುರಾತ್ರಿ ಎದ್ದು ಬಾಗಿಲು ತಡಕುವ, ಉಂಡದ್ದು ನೆನಪಿಲ್ಲದ 76 ವರ್ಷದ ಹೆಂಗಸನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಜಾಗ. ಅದಕ್ಕೆ ಇಲ್ಲಿ ಹಲವು ಹೆಸರು: ವೃದ್ಧಾಶ್ರಮ, ಕೇರ್ ಸೆಂಟರ್, ಅಸಿಸ್ಟೆಡ್ ಲಿವಿಂಗ್. ಹೆಸರು ಇಂಗ್ಲಿಷಿಗೆ ತಿರುಗಿದಷ್ಟೂ ತಿಂಗಳ ಬಿಲ್ಲು ಏರುತ್ತದೆ.

ಪುಣೆಗೆ ಇಂಥ ಮನೆಗಳು ಹೊಸವಲ್ಲ. ಇದು ಪೆನ್ಶನರುಗಳ ಊರು ಅಂತಲೇ ಹೆಸರಾದದ್ದು. ನವಿ ಪೇಠೆಯಲ್ಲಿರುವ ‘ನಿವಾರಾ’ ಡೇವಿಡ್ ಸಸೂನರ ದಾನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾದದ್ದು. ಹೊಸದು ಏನೆಂದರೆ ನಮ್ಮಂಥ ಗಿರಾಕಿಗಳು. ಕೆಲಸಕ್ಕೆಂದು ವಾಕಡ್‌ನಲ್ಲೋ ಬಾಣೇರ್‌ನಲ್ಲೋ ಫ್ಲ್ಯಾಟು ಮಾಡಿ, ಊರಲ್ಲಿ ಒಬ್ಬರೇ ಉಳಿದ ಅವ್ವನನ್ನು ಕರೆತಂದು, ಅವಳಿಗೆ ಈ ಊರು ಅರ್ಥವಾಗುವ ಮೊದಲೇ ಕಾಯಿಲೆ ಬಂದು, ಏನು ಮಾಡಬೇಕೋ ತಿಳಿಯದೆ ನಿಂತವರು.

ಕಾನೂನು ಏನು ಹೇಳುತ್ತದೆ ಅಂತ ಮೊದಲು ನೋಡಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಜಿಲ್ಲೆಗೊಂದರಂತೆ ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’. ಬೇಕು ಅಲ್ಲ, ಬಹುದು. ಖಾಸಗಿ ಆರೈಕೆ ಮನೆಗಳಿಗೂ ನೋಂದಣಿ, ಕನಿಷ್ಠ ಗುಣಮಟ್ಟ ಬೇಕೆಂಬ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಪಾಸಾಗದೆ ಬಿದ್ದುಹೋಯಿತು. ಹಾಗಾಗಿ ಒಂದು ಮನೆ ಒಳ್ಳೆಯದೋ ಕೆಟ್ಟದೋ ಎಂದು ನೋಡುವ ಕೆಲಸ ಹೆಚ್ಚುಕಡಿಮೆ ದುಡ್ಡು ಕೊಡುವವನ ತಲೆಗೇ ಬರುತ್ತದೆ. ಅಂದರೆ ಶನಿವಾರ ಒಂದೂವರೆ ಗಂಟೆ ಬಿಡುವಿರುವ ನನ್ನ ತಲೆಗೆ.

ಹಿಂಜವಡಿಯಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್. ಎಕ್ಸೆಲ್ ಶೀಟು ಮಾಡಿದೆ, 22 ಕಾಲಂ. ಆರೈಕೆಯ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂದು 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯ ಬರೆದದ್ದನ್ನು ಓದಿಕೊಂಡೆ. ಮೂರು ಕಡೆಯಿಂದ ನೋಡು ಅನ್ನುತ್ತಾನೆ: ಏನೇನು ಇದೆ, ಏನೇನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ಮೊದಲನೆಯದು ಎಲ್ಲರಿಗೂ ಕಾಣುತ್ತದೆ, ಗ್ರ್ಯಾನೈಟ್ ನೆಲ, ಕ್ಯಾಮೆರಾ, ತುಳಸಿಕಟ್ಟೆ. ಎರಡನೆಯದಕ್ಕೆ ಸ್ವಲ್ಪ ಮೂಗು, ಕಿವಿ ಬೇಕು. ಒಳಗೆ ಕಾಲಿಟ್ಟಾಗ ಮೂತ್ರದ ವಾಸನೆ ಇದೆಯೋ, ಅದಕ್ಕಿಂತ ಅನುಮಾನದ್ದು, ಫಿನಾಯಿಲ್ ವಾಸನೆ ಅತಿಯಾಗಿದೆಯೋ. ಯಾರೋ ಕೂಗಿದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ. ಏಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೋ ಇಲ್ಲವೋ ಎಂಬುದು ಚಾರ್ಟಿನಲ್ಲಿ ಅಲ್ಲ, ಬೆನ್ನಿನ ಹುಣ್ಣಿನಲ್ಲಿ ಗೊತ್ತಾಗುತ್ತದೆ. ಮೂರನೆಯದಕ್ಕೆ ಅಂಕಿ ಬೇಕು, ಅಂಕಿ ಕೊಡುವವರು ಅವರೇ. ಅಮೆರಿಕದಲ್ಲಿ ಸರ್ಕಾರವೇ 2008ರಿಂದ ಇಂಥ ಮನೆಗಳಿಗೆ ಒಂದರಿಂದ ಐದು ನಕ್ಷತ್ರ ಹಂಚುತ್ತಿದೆ. ಅಲ್ಲೂ ಮೊದಲ ಹಲವು ವರ್ಷ ಸಿಬ್ಬಂದಿ ಎಷ್ಟೆಂದು ಮಾಲೀಕರು ಹೇಳಿದ್ದೇ ಲೆಕ್ಕ. ಸಂಬಳದ ದಾಖಲೆ ಕೊಡಿ ಎಂದು ಕೇಳತೊಡಗಿದ್ದು 2016ರಿಂದ.

ನಾವು ಆರಿಸಿದ ಮನೆಯ ಹೆಸರು ಬೇಡ. ಅದು ಕೆಟ್ಟ ಮನೆಯಲ್ಲ. ಮೊದಲ ದಿನ ಮ್ಯಾನೇಜರ್ ಒಂದು ಹಾಳೆ ತೋರಿಸಿದರು. ಒಂದು ವರ್ಷದಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರು: ಸೊನ್ನೆ. ನನ್ನ ಶೀಟಿನಲ್ಲಿ ಆ ಕಾಲಮ್ಮಿಗೆ ಐದಕ್ಕೆ ಐದು ಹಾಕಿದೆ. ಇಪ್ಪತ್ತು ಮೂವತ್ತು ಮುದುಕರು, ಅರ್ಧಕ್ಕರ್ಧ ಮರೆವಿನವರು, ವರ್ಷವಿಡೀ ಒಬ್ಬರೂ ಬೀಳಲಿಲ್ಲ. ಆಫೀಸಿನಲ್ಲಿ ಯಾರಾದರೂ ಒಂದೂ ಬಗ್ ಇಲ್ಲ ಎಂದು ರಿಪೋರ್ಟು ತಂದರೆ ಅನುಮಾನ ಬರುತ್ತದೆ. ಅಲ್ಲಿ ಬರಲಿಲ್ಲ. ಆ ಸೊನ್ನೆ ನನಗೆ ಬೇಕಿತ್ತು.

ಎರಡು ತಿಂಗಳಾದ ಮೇಲೆ ಒಪ್ಪಿಗೆ ಪತ್ರ ಬಂತು. ‘ರಾತ್ರಿ ಆಜಿ ಏಳುತ್ತಾರೆ, ಸುರಕ್ಷತೆಗಾಗಿ ಸಾಫ್ಟ್ ಬೆಲ್ಟ್ ಬಳಸಲು ಅನುಮತಿ.’ ಹುಬ್ಬಳ್ಳಿಯ ಅಕ್ಕನಿಗೆ ಫೋನು ಮಾಡಿದೆ. ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದಿಲ್ಲ, ಹಾಕು ಅಂದಳು. ಹಾಕಿದೆ. ಸಾಫ್ಟ್ ಬೆಲ್ಟ್ ಅಂದರೆ ಹಳೆಯ ಓಢಣಿ. ಮಣಿಕಟ್ಟಿನ ಮೇಲೆ ಕೆಂಪು ಗೆರೆ ನೋಡಿದಾಗ ತಿಳಿಯಿತು.

ನನ್ನನ್ನು ನಾನು ಒಳ್ಳೆಯವನ ಜಾಗದಲ್ಲಿ ಕೂರಿಸಿಕೊಳ್ಳಲಾರೆ. ಅಲ್ಲಿಗೆ ಸೇರಿಸುವ ಮುಂಚಿನ ಏಳು ತಿಂಗಳು, ನಾವಿಬ್ಬರೂ ಆಫೀಸಿಗೆ ಹೋಗುವಾಗ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದೆವು. ಕೆಲಸದಾಕೆ ಹನ್ನೊಂದಕ್ಕೆ ಬಂದು ತೆಗೆಯುತ್ತಿದ್ದಳು. ಓಢಣಿಗೂ ಚಿಲಕಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ, ಒಂದನ್ನು ನಾನು ನೋಡಬೇಕಾಗಿ ಬಂತು ಅಷ್ಟೇ.

ಅಲ್ಲಿನ ಆಯಾಗಳನ್ನು ಎಲ್ಲರೂ ಮಾವಶಿ ಅನ್ನುತ್ತಾರೆ. ರಾತ್ರಿ ಪಾಳಿ ಎಂಟರಿಂದ ಎಂಟು, ಒಂದು ಮಹಡಿಯ ಹದಿನಾರು ಜನರಿಗೆ ಒಬ್ಬ ಮಾವಶಿ. ಅವರಲ್ಲಿ ಒಬ್ಬಾಕೆ ಒಂದು ಬೆಳಿಗ್ಗೆ ಅವ್ವನ ತಲೆ ಬಾಚುತ್ತಾ ಕನ್ನಡದಲ್ಲಿ ಏನೋ ಗೊಣಗಿದ್ದು ಕೇಳಿಸಿತು. ಯಾವ ಊರು ಅಂತ ವಿಚಾರಿಸಿದೆ. ‘ಅಕ್ಕಲಕೋಟ ಕಡೀರಿ’ ಅಂದಳು. ನಮ್ಮ ಇಂಡಿ ತಾಲ್ಲೂಕಿಗೆ ಅಲ್ಲಿಂದ ಏನು ದೂರ? ಮೂರು ತಿಂಗಳಿಂದ ಅವಳೊಂದಿಗೆ ನಾನು ನನ್ನ ಮುರುಕು ಮರಾಠಿ ಆಡುತ್ತಿದ್ದೆ, ಅವಳೂ ಸುಮ್ಮನೆ ಉತ್ತರಿಸುತ್ತಿದ್ದಳು. ಮಾಲೀಕರು ಯಾರು, ಗಿರಾಕಿ ಯಾರು, ಆಳು ಯಾರು ಎಂಬುದು ಮೊದಲು ತಿಳಿಯುತ್ತದೆ, ಭಾಷೆ ಆಮೇಲೆ.

ಬೆಲ್ಟಿನ ಬಗ್ಗೆ ಕೇಳಿದೆ. ಸುತ್ತ ನೋಡಿ ಹೇಳಿದಳು: ‘ಕಟ್ಟು ಅಂತ ಹೇಳ್ಯಾರ್ರಿ. ನನ್ನ ಪಾಳಿ ಇದ್ದಾಗ ನಾ ಕಟ್ಟಂಗಿಲ್ರಿ ಅಣ್ಣಾರ. ಕಟ್ಟಿದ್ರ ರಾತ್ರಿಪೂರಾ ಒದರ್ತಾರ. ಮೂರಕ್ಕ ಎದ್ದು ಎಮ್ಮಿ ಹಿಂಡೂ ಹೊತ್ತಾತು ಅಂತಾರ. ಹಿಂಡೀನ್ರಿ ಯವ್ವಾ, ನೀವು ಮಲಗ್ರಿ ಅಂದ್ರ ಮಲ್ಕೋತಾರ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ.’

ಅವ್ವ ಆರು ವರ್ಷದಲ್ಲಿ ಕಲಿತಿದ್ದ ಬಜಾರಿನ ಮರಾಠಿ ಮೊದಲು ಹೋಗಿತ್ತು. ಡಿಮೆನ್ಷಿಯಾದಲ್ಲಿ ತಡವಾಗಿ ಕಲಿತ ಭಾಷೆ ಹಿಂದೆ ಸರಿದು ತಾಯಿನುಡಿ ಉಳಿಯುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಬೇರೆ ಮಾವಶಿಯರು ಪ್ರೀತಿಯಿಂದಲೇ ‘ಝೋಪಾ ಆಜಿ’ ಅನ್ನುತ್ತಿದ್ದರು. ಆದರೆ ಎಮ್ಮೆ ಹಿಂಡಬೇಕಾದವಳಿಗೆ ಅದು ಏನು ಹೇಳೀತು? ಅವ್ವ ಏಳುತ್ತಿದ್ದದ್ದು ರೋಗದಿಂದ ಅಂತ ಚಾರ್ಟಿನಲ್ಲಿತ್ತು. ನಲವತ್ತು ವರ್ಷ ಎದ್ದ ಹೊತ್ತಿಗೇ ಏಳುತ್ತಿದ್ದಳು ಅಂತ ನನಗಾದರೂ ಹೊಳೆಯಬೇಕಿತ್ತು. ನನ್ನ 22 ಕಾಲಂಗಳಲ್ಲಿ ‘ಈ ವ್ಯಕ್ತಿ ಯಾಕೆ ಏಳುತ್ತಾಳೆಂದು ಯಾರಿಗಾದರೂ ಗೊತ್ತೇ’ ಎಂಬುದು ಇರಲಿಲ್ಲ.

ಇಲ್ಲಿಂದ ವಿಷಯ ಕಷ್ಟವಾಗುತ್ತದೆ. ಆರು ತಿಂಗಳಿಗೊಮ್ಮೆ ಅವರು ಫೀಡ್‌ಬ್ಯಾಕ್ ಫಾರಂ ಕೊಡುತ್ತಾರೆ. ‘ಸಿಬ್ಬಂದಿ ನಿಯಮ ಪಾಲಿಸುತ್ತಾರೆಯೇ?’ ಇಲ್ಲ, ಪಾಲಿಸದೆ ಇರುವುದರಿಂದಲೇ ಅವ್ವನಿಗೆ ವಾರದಲ್ಲಿ ಮೂರು ರಾತ್ರಿ ನಿದ್ದೆ ಸಿಗುತ್ತಿದೆ. ಅಲ್ಲಿ ನಾನು ಕಂಡ ಅತ್ಯುತ್ತಮ ಆರೈಕೆಯನ್ನು ಹೊಗಳಿ ಬರೆದರೆ ಅದನ್ನು ಮಾಡಿದವಳ ಕೆಲಸ ಹೋಗಬಹುದು. ಬರೆಯದಿದ್ದರೆ ಉಳಿದ ನಾಲ್ಕು ರಾತ್ರಿಯ ಓಢಣಿಗೆ ನಾನೂ ಪಾಲುದಾರ. ಮೇಲಾಗಿ ಅವಳು ಅವ್ವನ ಪಕ್ಕ ಕೂತ ಇಪ್ಪತ್ತು ನಿಮಿಷ ಉಳಿದ ಹದಿನೈದು ಜನರ ಪಾಲಿನದು. ಆಚೆ ಕೋಣೆಯಲ್ಲಿ ಯಾರೋ ಒದ್ದೆ ಬಟ್ಟೆಯಲ್ಲಿ ಕಾಯುತ್ತಿದ್ದಿರಬಹುದು. ಅವರ ಮಗ ಏನು ಬರೆಯಬೇಕು?

ಕಟ್ಟುವ ಪಕ್ಷವನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಈ ವಯಸ್ಸಿನಲ್ಲಿ ತೊಡೆಮೂಳೆ ಮುರಿದವರು ಮತ್ತೆ ಮೊದಲಿನಂತೆ ನಡೆಯುವುದು ಕಡಿಮೆ. ಆದರೆ ಕಟ್ಟಿದವರು ಸುರಕ್ಷಿತ ಎಂಬುದೂ ನಿಜವಲ್ಲ. ಕಾಲಿನ ಬಲ ಹೋಗುತ್ತದೆ, ಹುಣ್ಣಾಗುತ್ತದೆ, ಬಿಡಿಸಿಕೊಳ್ಳಲು ಹೋಗಿ ಕೆಟ್ಟದಾಗಿ ಬೀಳುತ್ತಾರೆ. ಶಿಸ್ತಿಗಾಗಿಯೋ ಸಿಬ್ಬಂದಿಯ ಅನುಕೂಲಕ್ಕಾಗಿಯೋ ಕಟ್ಟಬಾರದೆಂದು ಅಮೆರಿಕದಲ್ಲಿ 1987ರಲ್ಲೇ ಕಾನೂನಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೆಯ ಕಲಮು, ಸಿಬ್ಬಂದಿ ಕಡಿಮೆ ಎಂಬ ಕಾರಣವೊಂದಕ್ಕೇ ಯಾರನ್ನೂ ಕಟ್ಟುವಂತಿಲ್ಲ ಅನ್ನುತ್ತದೆ. ಅದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ. ವೃದ್ಧಾಶ್ರಮ ಎಂಬ ಬೋರ್ಡಿನ ಕೆಳಗೆ ಅದನ್ನು ಯಾರು ಓದುತ್ತಾರೆ?

ನನ್ನನ್ನು ಹೆಚ್ಚು ಕಾಡಿದ್ದು ಆ ಸೊನ್ನೆ ಯಾರಿಗಾಗಿ ಇತ್ತು ಎಂಬುದು. ಅವ್ವನನ್ನು ಕೇಳಿದ್ದರೆ, ಬಿದ್ದರೂ ಚಿಂತೆಯಿಲ್ಲ, ಅಂಗಳಕ್ಕೆ ಹೋಗಬೇಕು ಅನ್ನುತ್ತಿದ್ದಳು. ಅದು ಬುದ್ಧಿ ಸ್ತಿಮಿತದಲ್ಲಿಲ್ಲದವರ ಮಾತು ಅನ್ನಬಹುದು. ಅವಳ ಬುದ್ಧಿ ನೆಟ್ಟಗಿದ್ದಾಗಲೂ ಅದೇ ಅನ್ನುತ್ತಿದ್ದಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಾವಿಕಟ್ಟೆಗೆ ಹೋಗಬೇಡ ಅಂದರೆ ಕೇಳಿದವಳಲ್ಲ. ಬೀಳಬಾರದು ಎಂಬ ಆಸೆ ನನ್ನದು, ಅಕ್ಕನದು, ಮ್ಯಾನೇಜರದು. ಬಿದ್ದರೆ ಆಫೀಸಿನ ನಡುವೆ ಫೋನು ಬರುತ್ತದೆ, ರಜೆ ಹಾಕಬೇಕು, ಊರಿನವರಿಗೆ ಉತ್ತರ ಹೇಳಬೇಕು. ಕಟ್ಟಿದ ರಾತ್ರಿಗಳಿಗೆ ಫೋನು ಬರುವುದಿಲ್ಲ. ಹಾಗಾಗಿ ನಾನು ಗುಣಮಟ್ಟ ಅಂತ ಅಳೆದದ್ದರಲ್ಲಿ ದೊಡ್ಡ ಪಾಲು ನನ್ನ ನೆಮ್ಮದಿಯದು.

ಕೊನೆಗೆ ಫಾರಮ್ಮಿನಲ್ಲಿ ಯಾರ ಹೆಸರೂ ಬರೆಯಲಿಲ್ಲ. ಬೆಲ್ಟಿನ ಒಪ್ಪಿಗೆ ಹಿಂದಕ್ಕೆ ಪಡೆಯುತ್ತೇನೆ, ಬಿದ್ದರೆ ಸಂಸ್ಥೆಯ ಮೇಲೆ ದೂರುವುದಿಲ್ಲ ಅಂತ ಬರೆದುಕೊಟ್ಟೆ. ಮಂಚ ತೆಗೆಸಿ ಹಾಸಿಗೆ ನೆಲಕ್ಕೆ ಹಾಕಿಸಿದೆ. ಎರಡೂವರೆಗೆ ಒಮ್ಮೆ ಬಾತ್‌ರೂಮಿಗೆ ಕರೆದೊಯ್ಯಲು ಒಪ್ಪಿಸಿದೆ. ರಾತ್ರಿಗೆ ಇನ್ನೊಬ್ಬ ಮಾವಶಿ ಬೇಕು ಅಂತ ಕೇಳಿದೆ. ತಿಂಗಳಿಗೆ ಇಷ್ಟು ಹೆಚ್ಚಾಗುತ್ತದೆ, ಎಲ್ಲ ಮನೆಯವರೂ ಒಪ್ಪಬೇಕು ಅಂದರು. ವಾಟ್ಸ್ಯಾಪಿನಲ್ಲಿ ಕೇಳಿದ್ದಕ್ಕೆ ನಾಲ್ಕು ಜನ ಹೂಂ ಅಂದರು. ಇನ್ನೂ ಆಗಿಲ್ಲ.

ಶ್ರಾವಣದಲ್ಲಿ ಅವ್ವ ಬಿದ್ದಳು. ಅಕ್ಕಲಕೋಟದ ಮಾವಶಿಯ ಪಾಳಿಯಲ್ಲೇ, ಅವಳು ಬೇರೆ ಕೋಣೆಯಲ್ಲಿದ್ದಾಗ. ಹುಬ್ಬಿನ ಮೇಲೆ ಮೂರು ಹೊಲಿಗೆ. ಮ್ಯಾನೇಜರ್ ನಾನು ಬರೆದುಕೊಟ್ಟ ಹಾಳೆ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಅಕ್ಕ ಫೋನಿನಲ್ಲಿ ಯಾರು ಹೇಳಿದ್ದು ಬಿಚ್ಚಾಕ ಅಂತ ಕೇಳಿದಳು. ನಾನೇ ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಈಗ ಉಣ್ಣಾಕ್ಹತ್ಯಾಳೇನು ಅಂತ ಕೇಳಿದಳು.

ಉಣ್ಣುತ್ತಿದ್ದಳು. ಮಾವಶಿ ಗೋಡೆಗೊರಗಿ ಕೂತು ರೊಟ್ಟಿ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.