ಒಂದೇ ನೆರಳಿನವರು

ಊರು ಬಿಟ್ಟವರೆಲ್ಲರಿಗೂ ಒಂದು ದೂರು ಇದ್ದೇ ಇರುತ್ತದೆ: ನಮ್ಮೂರು ಮೊದಲಿನ ಹಾಗಿಲ್ಲ. ಹಂಚಿನ ಮನೆ ಹೋಗಿ ತಾರಸಿ ಬಂತು, ಬಾವಿ ಮುಚ್ಚಿ ಹೋಯಿತು, ಜಗುಲಿಯ ಜಾಗದಲ್ಲಿ ಕಾಂಪೌಂಡು ಎದ್ದಿತು. ಹೀಗೆ ಮರುಗುವ ನಾವು ಬೆಂಗಳೂರಿನಲ್ಲೋ ದುಬೈಯಲ್ಲೋ ತಾರಸಿಯ ಕೆಳಗೇ ಮಲಗುತ್ತೇವೆ, ನಲ್ಲಿಯ ನೀರನ್ನೇ ಕುಡಿಯುತ್ತೇವೆ. ಊರಿನಲ್ಲಿ ಉಳಿದವರು ಮಾತ್ರ ನಮ್ಮ ನೆನಪಿಗಾಗಿ ಬಾವಿಯಿಂದ ಸೇದುತ್ತಲೇ ಇರಬೇಕು. ಇದನ್ನು ಊರಿನ ಮೇಲಿನ ಪ್ರೀತಿ ಎನ್ನೋಣವೇ, ಸ್ವಾರ್ಥ ಎನ್ನೋಣವೇ?

ನಾವು ಬಾಲ್ಯ ಕಳೆದದ್ದು ತರೀಕೆರೆ ತಾಲ್ಲೂಕಿನ ಹೆಬ್ಬೆಯ ಆಸುಪಾಸಿನಲ್ಲಿ, ಕೆಮ್ಮಣ್ಣುಗುಂಡಿಯ ಕೆಳಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ. ಹೊರಗಿನವರಿಗೆ ಹೆಬ್ಬೆ ಎಂದರೆ ಜಲಪಾತ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಧುಮುಕುವ ನೀರನ್ನು ನೋಡಲು ಜನ ಈಗ ಜೀಪಿನಲ್ಲಿ ಬಂದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮಗೆ ಅದು ದಿನವೂ ಕಿವಿಗೆ ಬೀಳುತ್ತಿದ್ದ ಸದ್ದು, ಅಷ್ಟೇ. ನಮ್ಮ ಹೆಬ್ಬೆ ಎಂದರೆ ನೆರೆಹೊರೆಯ ಮಂದಿ.

ಆ ಮಂದಿಯಲ್ಲಿ ಎಷ್ಟೋ ಜನ ಈಗ ಅಲ್ಲಿಲ್ಲ. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ಆರಂಭವಾದ ಪುಟ್ಟ ವನ್ಯಧಾಮ 1974ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001ರ ಕೊನೆಯಿಂದ 2002ರವರೆಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ, ಕೆಲವರಿಗೆ ಚಿಕ್ಕಮಗಳೂರು ಕಡೆಯ ಕೆಳಗೂರಿನಲ್ಲಿ ನೆಲೆ ಸಿಕ್ಕಿತು. ಇಂದು ಅವರ ಹಳೆಯ ಊರುಗಳ ಜಾಗದಲ್ಲಿ ಕಾಣುವುದು ಪೊದೆ ಮುಚ್ಚಿದ ಪಂಚಾಂಗದ ಕಲ್ಲು ಮತ್ತು ಯಾರೋ ಹಿತ್ತಿಲಲ್ಲಿ ನೆಟ್ಟ ಹಲಸು, ಮಾವು. ಭತ್ತ ಬೆಳೆದ ಗದ್ದೆಯ ಬಯಲಿನಲ್ಲಿ ಜಿಂಕೆ, ಕಾಟಿಗಳು ಮೇಯುತ್ತವೆ.

ಇದನ್ನು ಕಂಡಾಗ ಎದೆ ಭಾರವಾಗುವುದು ಸಹಜ. ಆದರೆ ಈ ಭಾರವನ್ನು ಎಂ.ಸಿ. ಹಳ್ಳಿಯ ಅಂಗಳಕ್ಕೆ ಹೊತ್ತು ತಂದರೆ ಅಲ್ಲಿ ಅದಕ್ಕೆ ಅಷ್ಟೊಂದು ಗಿರಾಕಿಗಳಿಲ್ಲ. "ಹೆರಿಗೆ ನೋವು ಬಂದ್ರೆ ಕಂಬಳಿ ಜೋಲಿ ಕಟ್ಟಿ ಹೊತ್ಕೊಂಡು ಬರ್ತಿದ್ವಿ. ಪೇಟೆಯಿಂದ ನೀವು ನೋಡೋಕೆ ಬರ್ತೀರ ಅಂತ ನಾವು ಅಲ್ಲೇ ಆನೆ ಕಾಯ್ತಾ ಕೂತಿರ್ಬೇಕಿತ್ತಾ?" ಎಂದು ನಮ್ಮನ್ನು ಎತ್ತಿ ಆಡಿಸಿದ ಮುದುಕಿಯೊಬ್ಬರು ಕೇಳಿದರು. ಶಾಲೆ, ಆಸ್ಪತ್ರೆ, ಬಸ್ಸು ಹತ್ತಿರವಾಗಿವೆ. ಅನೇಕರು ಹೊರಬರಲು ತಾವೇ ಒಪ್ಪಿದವರು. ಭದ್ರಾದ ಪುನರ್ವಸತಿಯನ್ನು ದೇಶದ ಬೇರೆ ಕಡೆಗಳಿಗೆ ಮಾದರಿಯೆಂದು ತೋರಿಸುವವರೂ ಇದ್ದಾರೆ.

ಹಾಗೆಂದು ಆ ಮುದುಕಿಗೆ ದುಃಖವೇ ಇಲ್ಲವೆಂದಲ್ಲ. ತಮ್ಮ ಹಿತ್ತಿಲಿನ ಹಲಸಿನ ರುಚಿ ಈ ಕಡೆಯ ಹಣ್ಣಿಗಿಲ್ಲ ಎಂದು ಅವರೂ ಹೇಳುತ್ತಾರೆ. ಪರಿಹಾರದ ಕಾಗದದಲ್ಲಿ ಎಕರೆ, ಗುಂಟೆ, ರೂಪಾಯಿಗಳಿಗೆ ಕಾಲಂ ಇದೆ, ನೆರೆಮನೆಗೆ ಇಲ್ಲ. ಆದರೂ ಅವರ ಮಾತಿನಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಬೇರೆ. ಹಳೆಯ ನೆರೆಯವರು ಕೂಗಳತೆಯಲ್ಲೇ ಇದ್ದಾರೆ, ಸಾವು ಮದುವೆಗಳಿಗೆ ಅವರೇ ಮೊದಲು ಬರುತ್ತಾರೆ ಎಂದು ಅವರು ಎರಡೆರಡು ಸಲ ಹೇಳಿದರು.

ಉರ್ದುವಿನಲ್ಲಿ ನೆರೆಯವನಿಗೆ 'ಹಮ್‌ಸಾಯಾ' ಎನ್ನುತ್ತಾರೆ. ಪಾರಸಿಯಿಂದ ಬಂದ ಈ ಶಬ್ದದ ಅರ್ಥ, ಒಂದೇ ನೆರಳಿನಲ್ಲಿರುವವನು. ಅದರಲ್ಲಿ ಗೋಡೆಯ ಮಾತಿಲ್ಲ, ಜಾತಿಯ ಮಾತಿಲ್ಲ. ಕನ್ನಡದ 'ನೆರೆಹೊರೆ'ಯಲ್ಲಿ ಇರುವುದು ಹತ್ತಿರ ಎಂಬ ಭಾವ. ಆದರೆ ಹೊರೆ ಎಂದಾಗ ಕನ್ನಡಿಗನ ಕಿವಿಗೆ ಭಾರವೂ ಕೇಳಿಸುತ್ತದೆ. ನೆರಳನ್ನು ಹಂಚಿಕೊಂಡವರು ಭಾರವನ್ನೂ ಹಂಚಿಕೊಳ್ಳಬೇಕಲ್ಲವೇ? ಲೈನ್‌ಮನೆಯಲ್ಲಿ ಒಂದು ಗೋಡೆಗೆ ಎರಡು ಸಂಸಾರ. ಈಚೆ ಮಗು ಅತ್ತರೆ ಆಚೆ ದೀಪ ಹಚ್ಚುತ್ತಿದ್ದರು. ಬಡತನ ಆ ಗೋಡೆಯನ್ನು ತೆಳ್ಳಗೆ ಮಾಡಿತ್ತು, ನಿಜ. ಬಡತನ ಮರಳಿ ಬರಲಿ ಎಂದು ಯಾರೂ ಬಯಸಬೇಕಿಲ್ಲ. ಆದರೆ ಗೋಡೆ ದಪ್ಪವಾದಂತೆ ಕಿವಿಯೂ ಕಿವುಡಾಗಬೇಕೆಂಬ ನಿಯಮವೇನಿಲ್ಲ.

ಪೇಟೆಯ ಕೇರಿಗಳತ್ತ ಈಗ ನೋಡೋಣ. ಅಲ್ಲಿ ಹುಲಿಯಿಲ್ಲ, ಅಭಯಾರಣ್ಯವಿಲ್ಲ, ಯಾವ ಸರ್ಕಾರವೂ ಯಾರನ್ನೂ ಎಬ್ಬಿಸಲಿಲ್ಲ. ಆದರೂ ಜನ ಒಬ್ಬರಿಂದೊಬ್ಬರು ದೂರ ಸರಿದಿದ್ದಾರೆ. ಬಾಡಿಗೆ ಮನೆ ಕೇಳಲು ಹೋದವನ ಹೆಸರು ಕೇಳಿದ ಮೇಲೆ ಮನೆ ಖಾಲಿಯಿಲ್ಲ ಎನ್ನುವುದುಂಟು. ಸೈಟು ಕೊಳ್ಳುವಾಗ ನೀರು, ರಸ್ತೆಗಿಂತ ಮೊದಲು 'ಅಲ್ಲಿ ನಮ್ಮವರು ಎಷ್ಟು ಮಂದಿ?' ಎಂದು ವಿಚಾರಿಸುವುದೂ ಉಂಟು. ಹಿಂದೂ, ಮುಸ್ಲಿಂ ಎರಡೂ ಕಡೆಯಲ್ಲಿ ಈ ವಿಚಾರಣೆ ನಡೆಯುತ್ತದೆ. ಒಂದೆಡೆ ತಿರಸ್ಕಾರ, ಇನ್ನೊಂದೆಡೆ ಭಯ. ಎರಡೂ ಸೇರಿ ಊರನ್ನು ತುಂಡು ಮಾಡುತ್ತವೆ. ಆ ತುಂಡುಗಳಲ್ಲಿ ಬೆಳೆಯುವ ಮಗು ಬೇರೆ ಮನೆಯ ಹಬ್ಬದ ಅಡುಗೆಯ ಘಮವನ್ನೇ ಅರಿಯದೆ ದೊಡ್ಡದಾಗುತ್ತದೆ. ಅರಿಯದವನ ಬಗ್ಗೆ ಯಾರು ಏನು ಹೇಳಿದರೂ ನಂಬುವುದು ಸುಲಭ.

ಹಾಗಾದರೆ ನಾವು ಯಾವುದಕ್ಕೆ ಮರುಗಬೇಕು? ಹಂಚು ಹೋದದ್ದಕ್ಕೆ ಅಲ್ಲ, ಲೈನ್‌ಮನೆ ಕುಸಿದದ್ದಕ್ಕೂ ಅಲ್ಲ. ಬದಲಾಗುವ ಹಕ್ಕು ಅಲ್ಲಿ ಬದುಕುವವರದ್ದು. ಬಿಟ್ಟುಹೋದವರು ಅವರ ಬದುಕನ್ನು ತಮ್ಮ ನೆನಪಿನ ವಸ್ತುಸಂಗ್ರಹಾಲಯ ಮಾಡಬಾರದು. ಕಾಡಿನ ನಡುವೆ ಮೇಯುವ ಜಿಂಕೆಗೂ ಆ ನೆರಳಿನಲ್ಲಿ ಪಾಲಿದೆ ಎಂದು ಒಪ್ಪಿದರೆ ಹೆಬ್ಬೆಯ ಮೌನವನ್ನು ಸಹಿಸಬಹುದು. ಸಹಿಸಬಾರದ ಬದಲಾವಣೆ ಒಂದೇ: ಇದ್ದ ಜಾಗದಲ್ಲೇ ಇದ್ದು ನೆರೆಯವನನ್ನು ಪರಕೀಯನನ್ನಾಗಿ ಮಾಡುವುದು.

ಕಾಡು ಬಿಟ್ಟು ಬಂದವರು ಹೊಸ ಊರಿನಲ್ಲೂ ಹಳೆಯ ನೆರೆಯನ್ನು ಉಳಿಸಿಕೊಂಡಿದ್ದಾರೆ. ಎಲ್ಲಿಗೂ ಹೋಗದ ನಾವು ಉಳಿಸಿಕೊಳ್ಳಲಾರೆವೇ? ಅದಕ್ಕೆ ಯೋಜನೆ, ಅನುದಾನ ಏನೂ ಬೇಕಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿದರೆ ಸಾಕು.